ಉಪ್ಪು ನೋಡುವಷ್ಟು ಬ್ರೇಕ್ ಆಯಿಲು

ನುಂಗಂಬಾಕ್ಕಂನ ತಮ್ಮ ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತೊಂದು ವರ್ಷಗಳಿಂದ ಸದಾನಂದ ರಾಯರ ನಾಲಗೆಯ ಅಪ್ಪಣೆಯಿಲ್ಲದೆ ಒಂದು ಸೌಟು ಸಾಂಬಾರೂ ಗಿರಾಕಿಯ ಎಲೆಗೆ ಬಿದ್ದದ್ದಿಲ್ಲ. ಬೆಳಿಗ್ಗೆ ಆರಕ್ಕೆ ಒಲೆಯ ಮುಂದೆ ನಿಂತು, ತೋರುಬೆರಳಿಗೆ ಒಂದು ಹನಿ ಬಿಡಿಸಿಕೊಂಡು, ನಾಲಗೆಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಇನ್ನೊಂದು ಹನಿ. ಮೊದಲನೆಯದು ರುಚಿಗೆ, ಎರಡನೆಯದು ತಪ್ಪು ಹುಡುಕುವುದಕ್ಕೆ. ಹೀಗೆ ಪಳಗಿದ ನಾಲಗೆ ಅಡುಗೆಮನೆಯಲ್ಲೇ ನಿಲ್ಲಲಿಲ್ಲ. ಟ್ಯಾಂಕರಿನ ನೀರು ಯಾವ ಕಡೆಯ ಬೋರ್‌ವೆಲ್ಲಿನದೆಂದು ನೆಕ್ಕಿ ಹೇಳಿ ಚಾಲಕನ ಬೆವರಿಳಿಸಿದ್ದರು. ಇಡೀ ಊರಿನಲ್ಲಿ ತಮ್ಮಷ್ಟು ನಂಬಿಕಸ್ಥ ನಾಲಗೆ ಇನ್ನೊಬ್ಬರಿಗಿಲ್ಲವೆಂಬ ಸಣ್ಣದೊಂದು ಹೆಮ್ಮೆಯೂ ಅವರಿಗಿತ್ತು.

ಆದರೆ ಅದೇ ನಾಲಗೆಗೆ ಒಂದು ಕೆಲಸ ಬರುತ್ತಿರಲಿಲ್ಲ. ಮನೆಯವರು ಏನಾದರೂ ಕೇಳಿದರೆ ಹೌದು ಅಥವಾ ಇಲ್ಲ ಎನ್ನುವುದು. ಅಲ್ಲಿ ರಾಯರ ಬಳಿ ಇದ್ದದ್ದು ಒಂದೇ ಉತ್ತರ, “ನೋಡುವ.” ಹೆಂಡತಿ ರತ್ನಾವತಿ ಹೊಸ ಫ್ರಿಜ್ ಕೇಳಿದಾಗ “ನೋಡುವ” ಎಂದಿದ್ದರು, ನಾಲ್ಕು ವರ್ಷ ನೋಡಿದರು. ಹಳೆಯದು ತಾನಾಗಿ ಕಣ್ಣು ಮುಚ್ಚಿದ ಮೇಲೆಯೇ ಹೊಸದು ಬಂದದ್ದು.

ಮೂರು ವಾರದ ಹಿಂದೆ ಮಗಳು ವೀಕ್ಷಾ ಪೋರೂರಿನ ಅವರ ಫ್ಲ್ಯಾಟಿನಲ್ಲಿ, ರಾಯರು ಪೇಪರು ಓದುತ್ತಿದ್ದಾಗ ಎದುರಿಗೆ ಬಂದು ಕುಳಿತಳು. ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯೇ.

“ಅಪ್ಪಾ, ನಾನೂ ವರುಣೂ ಮದುವೆ ಆಗುವಾ ಅಂತ ಡಿಸೈಡ್ ಮಾಡಿದ್ದೇವೆ. ನೀವು ಬೇಡ ಅಂದ್ರೆ ಬೇಡ. ಪ್ರಾಮಿಸ್. ಆದ್ರೆ ಬಾಯಿಬಿಟ್ಟು ಹೇಳ್ಬೇಕು ಪಾ. ‘ನೋಡುವ’ ಮಟ್ಟುಂ ವೇಂಡಾಂ, ಅದೊಂದು ಬೇಡ.”

ವರುಣ್ ಎಂದರೆ ಎದುರು ಫ್ಲ್ಯಾಟಿನ ಗುಂಡಣ್ಣನವರ ಮಗ. ಮದ್ದೂರಿನ ಕಡೆಯವರು. ಗುಂಡಣ್ಣ ವಿಮಾ ಕಚೇರಿಯ ಕೆಲಸದಲ್ಲಿ ವರ್ಗವಾಗಿ ಚೆನ್ನೈಗೆ ಬಂದು, ಹೆಂಡತಿ ತೀರಿಕೊಂಡ ಮೇಲೆ, ನಿವೃತ್ತರಾಗಿ ಮಗನ ಜೊತೆ ಇಲ್ಲೇ ಉಳಿದವರು. ಭಾನುವಾರ ಹನ್ನೊಂದಾಯಿತೆಂದರೆ ಆ ಮನೆಯಿಂದ ಕೋಳಿ ಸಾರಿನ ವಾಸನೆ ಹೊರಡುತ್ತಿತ್ತು. ರತ್ನಾವತಿ ಊದುಬತ್ತಿ ಹಚ್ಚುತ್ತಿದ್ದರು. ಎಂಟು ವರ್ಷಗಳಿಂದ ಈ ಎರಡು ಹೊಗೆಗಳು ಬಾಗಿಲುಗಳ ನಡುವಿನ ಜಾಗದಲ್ಲಿ ಸೇರಿ ಸಮಾಧಾನದಿಂದಲೇ ಬಾಳಿದ್ದವು.

ರಾಯರು ಪೇಪರು ಮಡಚಿದರು. ಹುಡುಗ ಒಳ್ಳೆಯವನೆಂದು ಅವರಿಗೆ ಗೊತ್ತಿತ್ತು. ಕೋವಿಡ್ಡಿನ ಕಾಲದಲ್ಲಿ ಹೋಟೆಲು ಮುಚ್ಚಿದಾಗ ಕೆಲಸದವರಿಗೆಲ್ಲ ತನ್ನ ಬೈಕಿನಲ್ಲಿ ಅಕ್ಕಿ ಹೊತ್ತು ಮುಟ್ಟಿಸಿದವನು ಅವನೇ. ಒಪ್ಪದಿರಲು ಕಾರಣ ಹುಡುಕಿದರೂ ಕೋಳಿಯೊಂದನ್ನು ಬಿಟ್ಟು ಬೇರೇನೂ ಸಿಗಲಿಲ್ಲ, ಆ ಕೋಳಿಯೂ ಬಾಗಿಲಾಚೆ ಇತ್ತು. ಹೌದು ಎನ್ನುವುದೊಂದೇ ಬಾಕಿ. ರಾಯರು ಬಾಯಿ ತೆರೆದರು.

“ನೋಡುವ,” ಎಂದರು. ಎದ್ದು, ಕೆಳಗೆ ಹೋಗಿ ಕಾರು ನೋಡಿದರು.

ಕಾರಿನಲ್ಲಿ ನೋಡುವುದೂ ಇತ್ತೆನ್ನಿ. ಇಪ್ಪತ್ತೊಂದು ವರ್ಷದ ಬಿಳಿ ಕಾರು. ಆ ವಾರದಿಂದ ಅದರ ಕ್ಲಚ್ಚು ಕೈಕೊಡತೊಡಗಿತ್ತು. ಸಿಗ್ನಲಿನಲ್ಲಿ ಗೇರು ಹಾಕಿ ಪೆಡಲ್ ಒತ್ತಿ ನಿಂತರೆ, ಕಾಲು ಒತ್ತಿದಲ್ಲೇ ಇರುವಾಗ ಪೆಡಲ್ ಮಾತ್ರ ಮೆಲ್ಲಗೆ ನೆಲಕ್ಕೆ ಇಳಿದು, ಕಾರು ಯಾರ ಮಾತೂ ಕೇಳದೆ ಮುಂದಿನ ಆಟೋ ಕಡೆಗೆ ಹೊರಡುತ್ತಿತ್ತು. ಬೇಗ ಬೇಗ ಮೂರು ಸಲ ಒತ್ತಿ ಬಿಟ್ಟರೆ ಪೆಡಲಿಗೆ ಮತ್ತೆ ಜೀವ ಬರುತ್ತಿತ್ತು. ರಿವರ್ಸ್ ಹಾಕಿದರೆ ಮಿಕ್ಸಿಗೆ ಚಮಚ ಬಿದ್ದ ಶಬ್ದ.

ಮೆಕ್ಯಾನಿಕ್ಕಿಗೆ ಕೊಟ್ಟರೆ ಅರ್ಧ ದಿನದ ಕೆಲಸ. ಆದರೆ ಮನೆಯಲ್ಲಿ ಉತ್ತರ ಕೊಡಬೇಕಾದ ಮನುಷ್ಯನಿಗೆ ಅರ್ಧ ದಿನ ಸಾಲುವುದಿಲ್ಲ. ರಾಯರು ತಾವೇ ರೋಗ ಪತ್ತೆ ಮಾಡುವುದೆಂದು ನಿಶ್ಚಯಿಸಿದರು. ಅವರಿಗೆ ಸಹಾಯಕ್ಕೆ ಬಂದವರು ಬೇರೆ ಯಾರೂ ಅಲ್ಲ, ಗುಂಡಣ್ಣನೇ. ಗುಂಡಣ್ಣ ಇಡೀ ವಾರ ಫೋನಿನಲ್ಲಿ ಕಾರು ರಿಪೇರಿಯ ವಿಡಿಯೋ ನೋಡಿ, ಭಾನುವಾರ ಸಂದೇಹವೇ ಇಲ್ಲದ ಮುಖ ಹೊತ್ತು ಇಳಿದು ಬರುತ್ತಿದ್ದರು.

ಮಕ್ಕಳ ವಿಷಯ ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬರಿಗೆ ಗೊತ್ತಿದೆಯೆಂದೂ ಇಬ್ಬರಿಗೂ ಗೊತ್ತಿತ್ತು. ಹೆಣ್ಣಿನ ಅಪ್ಪ ಮಾತೆತ್ತಲಿ ಎಂದು ಗುಂಡಣ್ಣ, ಗಂಡಿನ ಅಪ್ಪ ಕೇಳಲಿ ಎಂದು ರಾಯರು. ಹೀಗಾಗಿ ಇಬ್ಬರೂ ಕ್ಲಚ್ಚಿನ ವಿಷಯ ಮಾತ್ರ ಆಡಿದರು, ಅದನ್ನು ಬಹಳ ಆಳವಾಗಿ ಆಡಿದರು.

ಮೊದಲ ಭಾನುವಾರ ಗುಂಡಣ್ಣ ಕಾರಿನಡಿಗೆ ನುಗ್ಗಿ ಗೇರ್‌ಬಾಕ್ಸಿನ ಪಕ್ಕದಲ್ಲಿ ಕ್ಲಚ್ಚನ್ನು ಒತ್ತುವ ಸ್ಲೇವ್ ಸಿಲಿಂಡರನ್ನು ಬಟ್ಟೆಯಿಂದ ಒರೆಸಿ ನೋಡಿದರು. ಒಣಗಿತ್ತು. ಬಾನೆಟ್ಟಿನಡಿಯ ಡಬ್ಬಿಯಲ್ಲಿ ಮಾತ್ರ, ಕ್ಲಚ್ಚಿಗೂ ಬೇಕಾಗುವ ಬ್ರೇಕ್ ಆಯಿಲು ಒಂದು ಬೆರಳು ಇಳಿದಿತ್ತು.

“ಎಲ್ಲೋ ಓಯ್ತಾ ಅದೆ ರಾಯ್ರೇ. ಕಾಣಿಸ್ದಂಗೆ ಓಯ್ತಾ ಅದೆ,” ಎಂದರು ಗಂಭೀರವಾಗಿ.

“ಹೊರಗೆ ಎಲ್ಲೂ ಒಂದು ಹನಿ ಇಲ್ಲ ಮಾರಾಯ್ರೆ,” ಎಂದರು ರಾಯರು.

ಎರಡನೆಯ ಭಾನುವಾರ ಪೈಪಿನೊಳಗೆ ಗಾಳಿ ಸೇರಿರಬೇಕೆಂದು ತೀರ್ಮಾನವಾಯಿತು. ಗಾಳಿ ತೆಗೆಯುವುದು ಇಬ್ಬರು ಸೇರಿ ಮಾಡುವ ಕೆಲಸ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ನಟ್ಟು ಸಡಿಲಿಸಿ ಗುಳ್ಳೆ ಬಿಡಬೇಕು.

“ಒತ್ತಿ.”

“ಒತ್ತಿದೆ.”

“ಇಡ್ಕಳಿ. ಬುಡ್ಬ್ಯಾಡಿ.”

“ಹಿಡಿದೆ.”

“ಈಗ ಬುಡಿ.”

ಒಂದೂವರೆ ಗಂಟೆ ಇದೇ ಮಾತು ನಡೆಯಿತು. ವೀಕ್ಷಾ ಬಾಲ್ಕನಿಯಿಂದ ನೋಡುತ್ತಿದ್ದಳು. ಅಪ್ಪಂದಿರಿಬ್ಬರೂ ಇಷ್ಟು ಹೊತ್ತು ಮಾತನಾಡುತ್ತಿದ್ದಾರೆಂದರೆ ವಿಷಯ ಬಂದೇ ಬಂದಿರಬೇಕೆಂದು ಆಸೆಪಟ್ಟು ಕೆಳಗಿಳಿದು ಬಂದಳು. “ಏನು ಮಾತಾಡಿದ್ರಿ ಪಾ?” ಎಂದಳು. “ಏರ್ ಇರಲಿಲ್ಲ,” ಎಂದರು ರಾಯರು. ಅವಳು ಇಳಿದ ಮೆಟ್ಟಿಲನ್ನೇ ಹತ್ತಿ ಮೇಲೆ ಹೋದಳು. ಅಂದಿನಿಂದ ಮನೆಯಲ್ಲಿ ಊಟದ ಹೊತ್ತಿಗೆ ಬಡಿಸುವ ಶಬ್ದ ಬಿಟ್ಟು ಬೇರೆ ಶಬ್ದ ಇರಲಿಲ್ಲ.

ಮೂರನೆಯ ಭಾನುವಾರ. ಹಿಂದಿನ ಎರಡು ದಿನ ನವೆಂಬರಿನ ಮಳೆ ಹೊಡೆದಿತ್ತು. ರಾಯರು ಚಾಲಕನ ಕಾಲ ಬಳಿಯ ಮ್ಯಾಟು ಎತ್ತಿದರು. ಪೆಡಲುಗಳ ಹಿಂದೆ, ಕಾರ್ಪೆಟ್ಟಿನಲ್ಲಿ ಅಂಗೈಯಗಲ ಒದ್ದೆ. ಕಂಡುಹಿಡಿದ ಸಂತೋಷಕ್ಕೆ ಅವರ ತಲೆ ಸ್ಟಿಯರಿಂಗಿಗೆ ತಾಗಿತು.

“ಮಳೆ ನೀರು,” ಎಂದರು ಗುಂಡಣ್ಣ. “ಗಾಜಿನ ರಬ್ಬರ್ ಓಗದೆ. ಈಡಿಯೋದಲ್ಲೂ ಇಂಗೇ ತೋರ್ಸವ್ರೆ.”

“ನೀರಲ್ಲ ಮಾರಾಯ್ರೆ, ಆಯಿಲು. ಪೆಡಲಿನ ಹಿಂದೆಯೇ ಮಾಸ್ಟರ್ ಸಿಲಿಂಡರ್ ಉಂಟಲ್ಲ, ಅದರದ್ದು ವಾಷರ್ ಹೋಗಿ ಒಳಗೆ ಇಳಿದದ್ದು.”

“ನೀರು ಸ್ವಾಮಿ.”

“ಆಯಿಲು.”

ಮೂರು ವಾರ ಆಡದೆ ಉಳಿದ ಮಾತೆಲ್ಲ ಈ ಒದ್ದೆಯ ಮೇಲೆ ಬಂದು ಕುಳಿತಂತೆ ಇಬ್ಬರ ದನಿಯೂ ಏರಿತು. ಗುಂಡಣ್ಣ ಮೂಸಿ ನೋಡಿದರು. ಎರಡು ದಿನದ ಮಳೆಯಲ್ಲಿ ಕಾರ್ಪೆಟ್ಟಿಗೆ ಕಾರ್ಪೆಟ್ಟಿನದೇ ವಾಸನೆ. ಕಾಗದ ಒತ್ತಿ ನೋಡಿದರು. ಕಾಗದ ಒದ್ದೆಯಾಯಿತೇ ಹೊರತು ಸಾಕ್ಷಿ ಹೇಳಲಿಲ್ಲ. ಆಗ ರಾಯರು, ಇಂಥ ವಿವಾದಗಳನ್ನು ಮೂವತ್ತೊಂದು ವರ್ಷ ಹೇಗೆ ಬಗೆಹರಿಸಿದ್ದರೋ ಹಾಗೆಯೇ, ತೋರುಬೆರಳನ್ನು ಒದ್ದೆಗೆ ಒತ್ತಿ ನಾಲಗೆಗೆ ಹಚ್ಚಿ ಕಣ್ಣು ಮುಚ್ಚಿದರು.

ಗುಂಡಣ್ಣ ಬಾಯಿ ತೆರೆಯುವುದರೊಳಗೆ ಎರಡನೆಯ ಹನಿಯೂ ಹೋಯಿತು.

“ಆಯಿಲೇ,” ಎಂದರು ರಾಯರು, ಕಣ್ಣು ತೆರೆದು. “ಮೊದಲು ಸ್ವಲ್ಪ ಸಿಹಿ ಉಂಟು. ಆಮೇಲೆ ಕಹಿ. ಮಳೆ ನೀರು ಸಿಹಿ ಇರುವುದಿಲ್ಲ.”

ಪರಿಶೋಧನೆ ನೂರಕ್ಕೆ ನೂರು ಸರಿಯಾಗಿತ್ತು. ಯಾವ ಮೆಕ್ಯಾನಿಕ್ಕೂ ಇದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಆದರೆ ಗುಂಡಣ್ಣ ಅದನ್ನು ಮೆಚ್ಚುವ ಸ್ಥಿತಿಯಲ್ಲಿರಲಿಲ್ಲ. ಅವರು ಡಬ್ಬಿಗೆ ತುಂಬಲು ತಂದಿಟ್ಟಿದ್ದ ಬ್ರೇಕ್ ಆಯಿಲಿನ ಬಾಟಲಿ ಎತ್ತಿ ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದರು.

“ರಾಯ್ರೇ! ಏನ್ ಮಾಡ್ಬುಟ್ರಿ! ವಿಷ ಅಂತ ಬರ್ದವ್ರೆ ಇದ್ರಾಗೆ! ಉಗೀರಿ, ಮೊದ್ಲು ಉಗೀರಿ!”

“ನುಂಗಿ ಆಯ್ತಲ್ಲ,” ಎಂದರು ರಾಯರು.

ಗುಂಡಣ್ಣ ಕೂಗಿದ್ದು ಕೆಳಗಿನ ಪಾರ್ಕಿಂಗಿನಲ್ಲಿ. ಸುದ್ದಿ ಮೆಟ್ಟಿಲು ಹತ್ತಿತು. ವಾಚ್‌ಮನ್ನಿನ ಬಾಯಲ್ಲಿ ರಾಯರು ಬ್ರೇಕ್ ಆಯಿಲು ನೆಕ್ಕಿದ್ದರು. ಮೊದಲನೆಯ ಮಹಡಿಯಲ್ಲಿ ಒಂದು ಗುಟುಕು ಕುಡಿದರು. ಎರಡನೆಯದರಲ್ಲಿ ಅರ್ಧ ಬಾಟಲಿ. ಮೂರನೆಯ ಮಹಡಿಗೆ ಬರುವಾಗ ಬಾಟಲಿ ಖಾಲಿಯಾಗಿತ್ತು. ನಾಲ್ಕನೆಯ ಮಹಡಿಯಲ್ಲಿ ಇನ್ನು ಕುಡಿಸಲು ಏನೂ ಉಳಿಯದೆ, ಅಲ್ಲಿನವರು ಕಾರಣ ಹುಡುಕಿದರು. ಕಾರಣ ಎದುರು ಬದುರು ಬಾಗಿಲಲ್ಲೇ ಇತ್ತು. ಮಗಳ ಮದುವೆ ಇಷ್ಟವಿಲ್ಲದೆ ಹೋಟೆಲ್ ರಾಯರು ವಿಷ ಕುಡಿದಿದ್ದಾರೆ.

ಸುದ್ದಿ ಅದೇ ಮೆಟ್ಟಿಲಲ್ಲಿ ಪೂರ್ಣಗೊಂಡು ಇಳಿದು, ರತ್ನಾವತಿಯನ್ನು ಮುಟ್ಟಿತು. ಅವರು ಮಜ್ಜಿಗೆಯ ಪಾತ್ರೆ ಹಿಡಿದು ಬರಿಗಾಲಲ್ಲಿ ಓಡಿ ಬಂದರು.

“ನಿಮಗೆ ಎಂತ ಆಯ್ತು? ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತಾ? ಇದನ್ನು ಕುಡಿಯುವುದಾ?”

“ನಾನು ಕುಡಿಯಲಿಲ್ಲ. ರುಚಿ ನೋಡಿದ್ದು,” ಎಂದರು ರಾಯರು.

“ವಿಷದ ರುಚಿ ಯಾರಾದರೂ ನೋಡ್ತಾರಾ?” ಎಂದು ರತ್ನಾವತಿ ಇನ್ನಷ್ಟು ಅತ್ತರು.

ಅಷ್ಟರಲ್ಲಿ ಗುಂಡಣ್ಣ ಮನೆಗೆ ಓಡಿ, ಆರು ಕೋಳಿಮೊಟ್ಟೆ ತಂದಿದ್ದರು. “ಬಿಳೀದು ಹಸೀದು ಕುಡುದ್ರೆ ವಿಷ ಇಡ್ಕತದೆ ರಾಯ್ರೇ. ಕಣ್ಮುಚ್ಕಂಡು ಕುಡ್ದ್ಬುಡಿ. ನಿಮ್ ಕಾಲ್ ಇಡ್ಕತೀನಿ.”

ರಾಯರು ಮೊಟ್ಟೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. “ಬೇಡ ಗುಂಡಣ್ಣ. ಹೋಗುವುದಿದ್ದರೆ ಮಜ್ಜಿಗೆಯಲ್ಲೇ ಹೋಗ್ತೇನೆ.”

ಹೊಟ್ಟೆಯ ವಿಷಯವಾಗಿ ಹೇಳಿದ ಮಾತು ಅದು. ಆದರೆ ಗುಂಡಣ್ಣನ ಕೈ ಅಲ್ಲೇ ನಿಂತಿತು. ಮುಖ ಸಣ್ಣದಾಯಿತು. ತಮ್ಮ ಮನೆಯದು ಏನೂ ಬೇಡ, ಪ್ರಾಣ ಹೋದರೂ ಬೇಡ ಎಂದು ಅವರ ಕಿವಿಗೆ ಬಿತ್ತು. ಮೊಟ್ಟೆಗಳನ್ನು ಶರ್ಟಿನ ಜೇಬಿಗೆ ಹಾಕಿಕೊಂಡು, “ಆಸ್ಪತ್ರೆಗೆ ನಡೀರಿ ಮೊದ್ಲು,” ಎಂದರು ತಗ್ಗಿದ ದನಿಯಲ್ಲಿ.

ಆಟೋ ಕರೆಯಲು ಯಾರಿಗೂ ತೋಚಲಿಲ್ಲ. ಕಾರು ಎದುರಿಗೇ ಇತ್ತು. ಎಲ್ಲರೂ ಹತ್ತಿ ಕುಳಿತ ಮೇಲೆ ಗೊತ್ತಾಯಿತು, ಆ ಕ್ಲಚ್ಚನ್ನು ಒತ್ತಿ ಒತ್ತಿ ನಡೆಸುವ ವಿದ್ಯೆ ಬಲ್ಲವರು ಒಬ್ಬರೇ. ಹೀಗಾಗಿ ವಿಷ ಕುಡಿದ ರೋಗಿಯೇ ಕಾರು ನಡೆಸಿಕೊಂಡು ಹೊರಟರು. ಹಿಂದೆ ರತ್ನಾವತಿ ಮಜ್ಜಿಗೆ ಚೆಲ್ಲದಂತೆ ಹಿಡಿದು ಕುಳಿತು ದೇವರನ್ನೆಲ್ಲ ಕರೆಯುತ್ತಿದ್ದರು. ಪಕ್ಕದಲ್ಲಿ ಗುಂಡಣ್ಣ ಕಿಟಕಿಯಿಂದ ಕೈ ಹಾಕಿ, “ವಳಿ ವಿಡುಂಗ! ವಿಷಂ ಸಾಪ್ಟಿರುಕ್ಕಾರು!” ಎಂದು ದಾರಿ ಬಿಡಿಸುತ್ತಿದ್ದರು. ಪಕ್ಕದ ಬಸ್ಸಿನವರು ವಿಷ ತಿಂದವನನ್ನು ಹುಡುಕಿ ಕಾರಿನೊಳಗೆ ಇಣುಕಿದರು. ಚಾಲಕನನ್ನು ಬಿಟ್ಟು ಉಳಿದಿಬ್ಬರ ಮೇಲೂ ಅವರಿಗೆ ಸಂಶಯ ಬಂತು. ಮೆಟ್ರೋ ಕೆಲಸಕ್ಕೆ ಅಗೆದ ರಸ್ತೆಯಲ್ಲಿ ನಾಲ್ಕು ಕಡೆ ನಿಲ್ಲಬೇಕಾಯಿತು. ನಾಲ್ಕು ಕಡೆಯೂ ರಾಯರು ಮೂರು ಮೂರು ಸಲ ಪೆಡಲ್ ಒತ್ತಿ, ಗೇರು ಹಾಕಿ, ಯಾರಿಗೂ ತಾಗಿಸದೆ ಪೋರೂರು ಕೆರೆಯ ಹತ್ತಿರದ ಆಸ್ಪತ್ರೆ ಮುಟ್ಟಿಸಿದರು.

ತುರ್ತು ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನವರು. “ಎಷ್ಟು ಎಂ.ಎಲ್. ಕುಡಿದ್ರಿ?” ಎಂದು ತಮಿಳಿನಲ್ಲಿ ಕೇಳಿದರು.

“ಉಪ್ಪು ನೋಡುವಷ್ಟು,” ಎಂದರು ರಾಯರು.

ಡಾಕ್ಟರು ನಾಡಿ, ಕಣ್ಣು, ಹೊಟ್ಟೆ ನೋಡಿದರು, ರಕ್ತ ತೆಗೆಸಿದರು. ಏನೂ ಆಗುವುದಿಲ್ಲ, ಸಂಜೆಯವರೆಗೆ ಇಲ್ಲೇ ಮಲಗಿರಲಿ ಎಂದರು. ಆದರೆ ವಿಷವೆಂದು ಬಾಗಿಲಲ್ಲೇ ಗುಂಡಣ್ಣ ಹೇಳಿಬಿಟ್ಟದ್ದರಿಂದ ಪೊಲೀಸಿಗೆ ತಿಳಿಸಲೇಬೇಕಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಹೆಡ್ ಕಾನ್ಸ್‌ಟೇಬಲ್ಲೊಬ್ಬರು ದೊಡ್ಡ ಪುಸ್ತಕ ಹಿಡಿದು ಬಂದು ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತರು. ದಪ್ಪ ಮೀಸೆ, ದಣಿದ ಕಣ್ಣು.

“ಎದುಕ್ಕು ಸಾರ್ ಕುಡಿಚೀಂಗ?” ಯಾಕೆ ಕುಡಿದಿರಿ ಎಂದು ಕೇಳಿದರು.

“ನೀರೋ ಆಯಿಲೋ ನೋಡಲಿಕ್ಕೆ,” ಎಂದರು ರಾಯರು ತಮಿಳಿನಲ್ಲೇ.

ಕಾನ್ಸ್‌ಟೇಬಲ್ ಬರೆಯಲಿಲ್ಲ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಇಂಥ ಕಾರಣವನ್ನು ಅವರು ಬರೆದದ್ದಿರಲಿಲ್ಲ. ಪೆನ್ನು ಮುಚ್ಚಿ ಸುತ್ತ ನಿಂತವರನ್ನು ನೋಡಿದರು. ಗುಂಡಣ್ಣ ಮುಂದೆ ಬಂದು ಕೈಕಟ್ಟಿ ನಿಂತರು.

“ನಾನೇ ಹೇಳ್ತೀನಿ ಸಾರ್. ನಮ್ ಹುಡುಗನ ದೆಸೆಯಿಂದ. ಇವರ ಮಗಳನ್ನ ಕೇಳ್ದ ಅಂತ. ನಮ್ದು ಏನೂ ಅವರಿಗೆ ಸೇರಾಕಿಲ್ಲ ಸಾರ್, ಮೊಟ್ಟೇನೂ ಬ್ಯಾಡ ಅಂದ್ರು.” ಅಳು ಬಂದು ಅಲ್ಲಿಗೆ ನಿಲ್ಲಿಸಿದರು. ಜೇಬಿನಲ್ಲಿ ಮೊಟ್ಟೆಯೊಂದು ಒಡೆದು ಶರ್ಟಿನ ಮೇಲೆ ಹಳದಿ ಇಳಿಯುತ್ತಿತ್ತು. ಭಾಷೆ ತಿಳಿಯದಿದ್ದರೂ ಕಾನ್ಸ್‌ಟೇಬಲ್ಲಿಗೆ ವಿಷಯ ತಿಳಿಯಿತು. ಪೆನ್ನಿನ ಮುಚ್ಚಳ ತೆಗೆದರು.

ಅದೇ ಹೊತ್ತಿಗೆ ವೀಕ್ಷಾ ಓಡಿ ಬಂದಳು. ಭಾನುವಾರವಾದರೂ ಶೋಳಿಂಗನಲ್ಲೂರಿನಲ್ಲಿ ಅಂದು ಅವಳಿಗೆ ಡ್ಯೂಟಿ ಇತ್ತು, ಸುದ್ದಿ ಫೋನಿನಲ್ಲಿ ಅಲ್ಲಿಗೂ ಮುಟ್ಟಿತ್ತು. ಹಿಂದೆಯೇ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ವರುಣ್. ಅವಳನ್ನು ಬೈಕಿನಲ್ಲಿ ಕರೆತಂದಿದ್ದ ಅವನು ಬಾಗಿಲ ಬಳಿಯೇ ನಿಂತುಬಿಟ್ಟ. ಒಳಗೆ ಬರಲು ಅವನಿಗೆ ಧೈರ್ಯವಾಗಲಿಲ್ಲ.

ವೀಕ್ಷಾ ಅಪ್ಪನ ಕೈ ಹಿಡಿದುಕೊಂಡಳು.

“ಅಪ್ಪಾ, ನಂಗೆ ಈ ಮದುವೆ ವೇಂಡಾಂ ಪಾ. ಅವನಿಗೂ ಹೇಳಿಬಿಟ್ಟೆ, ದಾರಿಯಲ್ಲೇ. ನೀವು ಇದ್ರೆ ಸಾಕು. ಸತ್ಯವಾಗ್ಲೂ ಸಾಕು.”

ಬ್ರೇಕ್ ಆಯಿಲು ಮಾಡದ ಸಂಕಟವನ್ನು ಈ ಮಾತು ರಾಯರಿಗೆ ಮಾಡಿತು. ಮೂರು ವಾರ ಈ ಹುಡುಗಿ ಉತ್ತರಕ್ಕೆ ಕಾದಿದ್ದಳು, ಆ ಮೂರು ವಾರವೂ ಅವರು ಕಾರಿನಡಿಯಲ್ಲಿ ತಲೆ ಮರೆಸಿಕೊಂಡಿದ್ದರು. ಈಗ ಅವಳು ಉತ್ತರವೇ ಬೇಡ ಎನ್ನುತ್ತಿದ್ದಾಳೆ. ನಾಚಿಕೆಯಿಂದ ಅವರ ಕಣ್ಣು ತುಂಬಿತು. ಮಗಳ ಮುಖ ನೋಡಿ ಬಾಯಿ ತೆರೆದರು.

“ನೋ...”

ಅಲ್ಲೇ ಕಚ್ಚಿ ಹಿಡಿದರು. ಇನ್ನೆರಡು ಅಕ್ಷರ ಹೊರಬಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ರಾಯರಿಗೆ ಆಗ ಒಂದು ದಾರಿ ಹೊಳೆಯಿತು. ಮನೆಯ ಭಾಷೆಯಲ್ಲಿ ತೊದಲುವ ಈ ಮನುಷ್ಯ ತಮಿಳಿನಲ್ಲಿ ಎಂದೂ ತೊದಲಿದವರಲ್ಲ. ಕೊಯಂಬೇಡಿನ ತರಕಾರಿಯವರಿಂದ ಹಿಡಿದು ಕಾರ್ಪೊರೇಷನ್ನಿನ ಅಧಿಕಾರಿಗಳ ತನಕ ಎಲ್ಲರಿಗೂ ಹೌದು, ಇಲ್ಲ ಎಂದು ಮೂವತ್ತೊಂದು ವರ್ಷ ಖಂಡಿತವಾಗಿ ಹೇಳಿದ್ದು ಆ ಭಾಷೆಯಲ್ಲೇ. ಮಗಳ ಕೈ ಬಿಡದೆ, ಮುಖ ಮಾತ್ರ ಕಾನ್ಸ್‌ಟೇಬಲ್ಲಿನ ಕಡೆ ತಿರುಗಿಸಿದರು.

“ಎಳುದುಂಗ ಸಾರ್,” ಎಂದರು. ಬರೆದುಕೊಳ್ಳಿ.

ಕಾನ್ಸ್‌ಟೇಬಲ್ ಬಗ್ಗಿದರು. ರಾಯರು ನಿಧಾನವಾಗಿ, ಒಂದೊಂದೇ ವಾಕ್ಯವಾಗಿ ತಮಿಳಿನಲ್ಲಿ ಹೇಳಿದರು. ನನ್ನ ಹೆಸರು ಸದಾನಂದ ರಾವ್. ಕಾರಿನ ಕ್ಲಚ್ಚು ಕೆಟ್ಟಿತ್ತು. ಸೋರಿದ್ದು ಏನೆಂದು ತಿಳಿಯಲು ಬೆರಳ ತುದಿಯಲ್ಲಿ ಎರಡು ಸಲ ನಾಲಗೆಗೆ ಹಚ್ಚಿಕೊಂಡದ್ದು ನಿಜ. ಅದು ನನ್ನ ಕಸುಬಿನ ಅಭ್ಯಾಸ, ಸಾಯಬೇಕೆಂದು ಮಾಡಿದ್ದಲ್ಲ. ಇದಕ್ಕೆ ಯಾರೂ ಕಾರಣರಲ್ಲ.

“ಅವ್ವಳವುದಾನಾ?” ಅಷ್ಟೇ ತಾನೇ ಎಂಬಂತೆ ಕಾನ್ಸ್‌ಟೇಬಲ್ ಪೆನ್ನು ಎತ್ತಿದರು.

“ಇನ್ನೂ ಉಂಟು. ಬರೆಯಿರಿ. ನನ್ನ ಮಗಳು ವೀಕ್ಷಾ. ಅವಳು ಮೆಚ್ಚಿದ ಹುಡುಗ ವರುಣ್, ಅಲ್ಲಿ ಬಾಗಿಲಲ್ಲಿ ನಿಂತಿದ್ದಾನೆ. ಈ ಮದುವೆಗೆ ನನ್ನ ಒಪ್ಪಿಗೆ ಉಂಟು. ಮೊದಲ ದಿನವೇ ಇತ್ತು. ಹೇಳದೆ ಉಳಿದದ್ದು ನನ್ನ ತಪ್ಪು.”

“ಸಾರ್, ಇದು ಕೇಸಿಗೆ ಬೇಕಾಗಿಲ್ಲ,” ಎಂದರು ಕಾನ್ಸ್‌ಟೇಬಲ್.

“ಬೇಕು,” ಎಂದರು ರಾಯರು. “ಅದನ್ನು ಬರೆಯದಿದ್ದರೆ ನಾನು ಸೈನ್ ಹಾಕುವುದಿಲ್ಲ.”

ಕಾನ್ಸ್‌ಟೇಬಲ್ ರೋಗಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ಏನನ್ನಿಸಿತೋ, ಹೊಸ ಸಾಲು ಹಿಡಿದು ಬರೆದರು. ಆಮೇಲೆ ನಿಯಮದ ಪ್ರಕಾರ ಇಡೀ ಹೇಳಿಕೆಯನ್ನು, ಅಕ್ಕಪಕ್ಕದ ಮಂಚಗಳಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ವೀಕ್ಷಾ ಅಪ್ಪನ ಭುಜಕ್ಕೆ ಮುಖ ಒತ್ತಿ ಅತ್ತಳು. ಪಕ್ಕದ ಮಂಚದಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡಿದ್ದ ಅಜ್ಜಿಯೊಬ್ಬರು, ಸಂಬಂಧವೇ ಇಲ್ಲದವರು, ಅವಳ ಜೊತೆ ಅತ್ತರು. ರತ್ನಾವತಿ ಬಾಗಿಲ ಬಳಿಗೆ ಹೋಗಿ, “ಒಳಗೆ ಬಾ ಮಗಾ, ಎಂತಕ್ಕೆ ಹೊರಗೆ ನಿಂತದ್ದು?” ಎಂದು ವರುಣನ ಕೈಯಿಂದ ಹೆಲ್ಮೆಟ್ಟು ತೆಗೆದುಕೊಂಡರು.

ರಾಯರು ಸಹಿ ಹಾಕಿದರು. ಒಬ್ಬ ಸಾಕ್ಷಿ ಬೇಕೆಂದರು ಕಾನ್ಸ್‌ಟೇಬಲ್, ಪುಸ್ತಕವನ್ನು ಗುಂಡಣ್ಣನ ಕಡೆ ತಿರುಗಿಸಿ. ಹೆಸರು, ವಿಳಾಸ, ಹೇಳಿಕೆ ಕೊಟ್ಟವರಿಗೆ ಏನಾಗಬೇಕು, ಇಷ್ಟು ಬರೆದು ಕೆಳಗೆ ಸಹಿ. ಗುಂಡಣ್ಣ ಮೊಟ್ಟೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬರೆಯತೊಡಗಿದರು. ಕೊನೆಯ ಜಾಗದಲ್ಲಿ ಸ್ವಲ್ಪ ತಡೆದು, ಕನ್ನಡದಲ್ಲಿ ‘ಎದುರು ಮನೆಯವರು’ ಎಂದು ಬರೆದರು.

ರಾಯರು ಮಂಚದಿಂದ ಬಗ್ಗಿ ನೋಡಿದರು.

“ಅದನ್ನು ಹೊಡೆದು ಹಾಕಿ ಗುಂಡಣ್ಣ. ಬೀಗರು ಅಂತ ಬರೆಯಿರಿ.”

ಗುಂಡಣ್ಣ ತಲೆಯೆತ್ತಲಿಲ್ಲ. ಪೆನ್ನಿನಿಂದ ಒಂದು ಗೆರೆ ಎಳೆದು, ಮೇಲೆ ದುಂಡಗಿನ ಅಕ್ಷರದಲ್ಲಿ ಹಾಗೆಯೇ ಬರೆದರು.

ಕಾನ್ಸ್‌ಟೇಬಲ್ ಪುಸ್ತಕ ಎಳೆದುಕೊಂಡು ಆ ಜಾಗವನ್ನು ಹತ್ತಿರದಿಂದ ಪರೀಕ್ಷಿಸಿದರು. ಸರ್ಕಾರಿ ದಾಖಲೆಯಲ್ಲಿ ತಿದ್ದಿದ ಕಡೆ ತಿದ್ದಿದವರ ಸಣ್ಣ ಸಹಿ ಇರಬೇಕು, ಇಬ್ಬರದೂ, ಎಂದು ಬೆರಳಿಟ್ಟು ತೋರಿಸಿದರು. ಇಬ್ಬರೂ ಹಾಕಿದರು.